ಕಲ್ಯಾಣದ ದಾರಿಯಲ್ಲಿ ಛಾಯಾಪೆಟ್ಟಿಗೆಯ ಹೊರೆ

ಬಸವಕಲ್ಯಾಣದ ಕೋಟೆಯಿಂದ ನಾರಾಯಣಪುರದ ಶಿವಾಲಯಕ್ಕಾಗಲಿ, ಹುಮನಾಬಾದಿನಿಂದ ಜಲಸಂಗಿಯ ಗುಡಿಗಾಗಲಿ, ಹೊಲದ ಬದುಗಳನ್ನು ಹಿಡಿದು ಕಾಲ್ನಡಿಗೆಯಲ್ಲಿ ಹೋಗಬಯಸುವ ಛಾಯಾಗ್ರಾಹಕನು ಮೊಟ್ಟಮೊದಲು ತೀರ್ಮಾನಿಸಿಕೊಳ್ಳಬೇಕಾದ ಸಂಗತಿಯೆಂದರೆ, ಎರಡು ಮೂರು ಕಿಲೋ ತೂಗುವ ತನ್ನ ಯಂತ್ರವನ್ನು ಮೈಯ ಯಾವ ಭಾಗಕ್ಕೆ ಒಪ್ಪಿಸಬೇಕೆಂಬುದು. ಕೊರಳಿಗೆ ಹಾಕಿದರೆ ಪಟ್ಟಿಯು ಕತ್ತಿನ ಹಿಂಬದಿಯನ್ನು ಕೊರೆಯುತ್ತದೆ. ಹೆಜ್ಜೆಹೆಜ್ಜೆಗೂ ಯಂತ್ರವು ಎದೆಗೆ ಬಡಿಯುತ್ತದೆ. ಬಾಗಿದರೆ ಮುಂದಕ್ಕೆ ಜೋಲುತ್ತದೆ. ಕೋಟೆಯ ಮೆಟ್ಟಿಲನ್ನೇರುವಾಗ ಅದು ಕಲ್ಲಿಗೆ ತಾಗದಂತೆ ಒಂದು ಕೈ ಅದರ ಕಾವಲಿಗೇ ಮೀಸಲಾಗುತ್ತದೆ. ಚೀಲದೊಳಗಿಟ್ಟು ಬೆನ್ನಿಗೇರಿಸಿದರೆ ನಡಿಗೆಯೇನೋ ಸಲೀಸಾಗುತ್ತದೆ, ಆದರೆ ಬದುವಿನ ಜಾಲಿಯ ಗಿಡದಿಂದ ನೀಲಕಂಠವು ರೆಕ್ಕೆ ಬಿಚ್ಚಿ ಹಾರುವ ಗಳಿಗೆಯಲ್ಲಿ ಯಂತ್ರವು ಕೈಗೆ ಬರುವುದಿಲ್ಲ.

ಇದನ್ನು ಹವ್ಯಾಸಿಗಳ ಕ್ಷುಲ್ಲಕವಾದ ಬವಣೆಯೆಂದು ಬದಿಗೊತ್ತುವವರು ಉಂಟು. ನನಗೆ ಹಾಗೆ ತೋರುವುದಿಲ್ಲ. ಭಾರವನ್ನು ಮೈಮೇಲೆ ಎಲ್ಲಿ ಇರಿಸಿದರೆ ಕೈ ಬಿಡುವಾಗುತ್ತದೆ, ಉಸಿರು ಕಟ್ಟುವುದಿಲ್ಲ, ದಾರಿ ಸವೆಯುತ್ತದೆ ಎಂಬುದು ಈ ಸೀಮೆಯ ಜನರು ಶತಮಾನಗಳಿಂದ ಮೈಯಿಂದ ಮೈಗೆ ಕಲಿಸಿಕೊಂಡು ಬಂದ ವಿದ್ಯೆ. ಮತ್ತು ಛಾಯಾಚಿತ್ರಕಲೆಯು ದಖ್ಖಣದ ಪ್ರಸ್ಥಭೂಮಿಗೆ ಬಂದಾಗ ಅದು ಏರಿ ಬಂದದ್ದು ಆ ವಿದ್ಯೆಯನ್ನು ಬಲ್ಲವರ ತಲೆ ಹೆಗಲುಗಳ ಮೇಲೆಯೇ. ಚಿತ್ರ ತೆಗೆದವರ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ. ಹೊತ್ತವರ ಹೆಸರುಗಳನ್ನು ಬರೆದಿಡುವ ವಾಡಿಕೆ ಇರಲಿಲ್ಲ. ಆದಕಾರಣ ಹೊರೆಯ ಕಡೆಯಿಂದಲೇ ಈ ಚರಿತ್ರೆಯನ್ನು ನೋಡುವುದು ನ್ಯಾಯವೆಂದು ನನ್ನ ಭಾವನೆ.

ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಇಂದಿನ ಬಸವಕಲ್ಯಾಣವಾದ ಕಲ್ಯಾಣಕ್ಕೆ ತಂದನು. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ಪರ್ಯಂತ ಆಳಿದ ಕಾಲದಲ್ಲಿ ಈ ಪಟ್ಟಣವು ವಿಜ್ಞಾನೇಶ್ವರ, ಬಿಲ್ಹಣರಂತಹ ಪಂಡಿತರಿಗೆ ಆಶ್ರಯವಾಯಿತು. ಅವನ ಮಗನಾದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಸಂಸ್ಕೃತ ವಿಶ್ವಕೋಶ. ಗೋಡೆಯನ್ನು ಚಿತ್ರಕ್ಕೆ ಹದಗೊಳಿಸುವುದು ಹೇಗೆ, ಕುಂಚವನ್ನು ಕಟ್ಟುವುದು ಹೇಗೆ, ಬಣ್ಣವನ್ನು ಕೂಡಿಸುವುದು ಹೇಗೆ ಎಂಬುದನ್ನು ಇಷ್ಟು ಪ್ರೀತಿಯಿಂದ ವಿವರಿಸಿದ ರಾಜಗ್ರಂಥ ನಮ್ಮಲ್ಲಿ ವಿರಳ. ರೂಪವನ್ನು ಹಿಡಿದಿಡುವ ಕಲೆಯ ವಿಚಾರವು ಕಲ್ಯಾಣದಲ್ಲಿ ಕ್ಯಾಮರಾಕ್ಕಿಂತ ಏಳು ನೂರು ವರ್ಷಗಳಷ್ಟು ಹಳೆಯದು. ಅದೇ ಗ್ರಂಥವು ಅರಸನ ಇಪ್ಪತ್ತು ಉಪಭೋಗಗಳನ್ನು ಎಣಿಸುವಾಗ ಪಾದುಕೆ, ಛತ್ರ, ಯಾನ ಮುಂತಾದುವನ್ನು ಸೇರಿಸುತ್ತದೆ. ನಡೆಯುವ ಸುಖ, ನೆರಳಿನ ಸುಖ, ಹೊರಿಸಿಕೊಂಡು ಹೋಗುವ ಸುಖ ಎಲ್ಲವೂ ಅಲ್ಲಿವೆ. ಹೊರುವವನ ಸುಖವು ಆ ಇಪ್ಪತ್ತರಲ್ಲಿ ಸೇರಿಲ್ಲ.

ಆ ಲೋಪವನ್ನು ತುಂಬಿದವರು ಅದೇ ಊರಿನಲ್ಲಿ, ಹನ್ನೆರಡನೆಯ ಶತಮಾನವು ಮುಗಿಯುವುದರೊಳಗಾಗಿಯೇ ಬಂದರು. ಬಸವಣ್ಣನವರ ಸುತ್ತ ನೆರೆದ ಶರಣರ ಕಾಯಕಗಳನ್ನು ಹೊರೆಯ ದೃಷ್ಟಿಯಿಂದ ಒಮ್ಮೆ ನೋಡಬೇಕು. ಮೋಳಿಗೆಯ ಮಾರಯ್ಯನವರು ಕಾಡಿನಿಂದ ಕಟ್ಟಿಗೆಯ ಹೊರೆಯನ್ನು ತಲೆಯ ಮೇಲೆ ತಂದು ಮಾರಿದವರು. ಹುಮನಾಬಾದ ತಾಲೂಕಿನ ಮೊಳಕೇರಾ ಗ್ರಾಮವು ಇಂದಿಗೂ ಅವರ ನೆನಪನ್ನು ಕಾಪಾಡಿಕೊಂಡಿದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರಿದವರು. ಹರಳಯ್ಯನವರು ಚರ್ಮದ ಕೆಲಸದವರು. ಅವರು ಮಾಡಿ ತಂದ ಪಾದರಕ್ಷೆಗಳನ್ನು ಬಸವಣ್ಣನವರು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತುಕೊಂಡರೆಂಬ ಕಥೆಯನ್ನು ಕಲ್ಯಾಣದ ಮಕ್ಕಳೆಲ್ಲರೂ ಬಲ್ಲರು. ಹೊರುವ ತಲೆ, ಬಿಗಿಯುವ ಹಗ್ಗ, ಹಿಡಿದು ನಿಲ್ಲಿಸುವ ಚರ್ಮದ ಬಾರು, ಈ ಮೂರೂ ಭಾರವನ್ನು ಸಾಗಿಸುವ ಮೂಲ ಸಾಮಗ್ರಿಗಳು. ಆ ಮೂರಕ್ಕೂ ಸಂಬಂಧಪಟ್ಟವರು ಅನುಭವಗೋಷ್ಠಿಯಲ್ಲಿ ಸರಿಸಮಾನರಾಗಿ ಕುಳಿತರೆಂಬುದು ನಮ್ಮ ನಾಡಿನ ಪರಂಪರೆಯಲ್ಲಿ ನಾನು ಅತ್ಯಂತ ಗೌರವಿಸುವ ಸಂಗತಿಗಳಲ್ಲೊಂದು. ಚಂದಯ್ಯನವರ ಹೆಸರಿನ ಗವಿಯೂ ಹರಳಯ್ಯನವರ ಹೆಸರಿನ ಗವಿಯೂ ಬಸವಕಲ್ಯಾಣದಲ್ಲಿ ಇಂದಿಗೂ ಯಾತ್ರಿಕರು ಕಾಣುವ ಸ್ಥಳಗಳಾಗಿವೆ.

ಇಷ್ಟಲಿಂಗಧಾರಣೆಯನ್ನೂ ಇಲ್ಲಿ ವಿನಯಪೂರ್ವಕವಾಗಿ ನೆನೆಯಬಹುದು. ಪೂಜ್ಯವಾದ ವಸ್ತುವನ್ನು ಕರಡಿಗೆಯಲ್ಲಿಟ್ಟು, ಶಿವದಾರದಿಂದ ಎದೆಗೆ ಹೊಂದುವಂತೆ ಧರಿಸಿ, ಹಗಲಿಡೀ ಮಗ್ಗ ನೇಯುವ, ನೇಗಿಲು ಹಿಡಿಯುವ, ದೋಣಿ ನಡೆಸುವ ಜನಸಮುದಾಯವು ವಸ್ತುವನ್ನು ಜೋಪಾನವಾಗಿ ಮೈಗೆ ಹತ್ತಿಸಿಕೊಂಡು ಎರಡು ಕೈಗಳನ್ನೂ ದುಡಿಮೆಗೆ ಬಿಡುವ ಪದ್ಧತಿಯನ್ನು ದಿನಚರಿಯಾಗಿಯೇ ರೂಢಿಸಿಕೊಂಡಿತ್ತು. ಅದರ ಅರ್ಥ ಬೇರೆ, ಪಾವಿತ್ರ್ಯ ಬೇರೆ. ಆದರೆ ಮೈಗೆ ಅದು ಕಲಿಸಿದ ಶಿಸ್ತು ಗಮನಿಸತಕ್ಕದ್ದು.

ಲೌಕಿಕದ ಹೊರೆಗಳಿಗೆ ಬಂದರೆ ಈ ಸೀಮೆಯ ಉಪಾಯಗಳು ಬಹಳ. ಬುತ್ತಿ ಕಟ್ಟಿಕೊಂಡು ಸಂತೆಗೆ ಹೋಗುವವನು ಹಸಿಬೆಯ ಎರಡು ಬಾಯಿಗಳಿಗೂ ಸಮನಾಗಿ ಸಾಮಾನು ತುಂಬಿ, ಒಂದು ಮಡಿಲು ಎದೆಯ ಕಡೆಗೂ ಇನ್ನೊಂದು ಬೆನ್ನಿನ ಕಡೆಗೂ ಬರುವಂತೆ ಹೆಗಲಿಗೆ ಹಾಕುತ್ತಿದ್ದನು. ಜಂಗಮರ ಜೋಳಿಗೆಯು ಒಂದು ಹೆಗಲಿನಿಂದ ಇಳಿದು ಇನ್ನೊಂದು ಪಕ್ಕೆಯ ಬಳಿ ನಿಲ್ಲುತ್ತಿತ್ತು. ಲಂಬಾಣಿಗರು ಧಾನ್ಯವನ್ನೂ ಉಪ್ಪನ್ನೂ ಹೇರಿನ ಎತ್ತುಗಳ ಬೆನ್ನಿಗೆ ಎರಡು ಪಕ್ಕಕ್ಕೂ ಸರಿದೂಗಿಸಿ ದಖ್ಖಣದ ಉದ್ದಗಲಕ್ಕೂ ಸಾಗಿಸಿದರು. ಕಾವಡಿಯವನ ಕೋಲಿನ ತುದಿಗಳಲ್ಲಿ ನೆಲವುಗಳು ತೂಗಿದವು. ಮೇನೆ ಹೊರುವ ಬೋಯಿಗಳು ಹೆಜ್ಜೆಗೆ ಹೆಜ್ಜೆ ಕೂಡದಂತೆ, ಬೇಕೆಂದೇ ತಾಳ ತಪ್ಪಿಸಿ ನಡೆಯುತ್ತಿದ್ದರು. ಎಲ್ಲರ ಹೆಜ್ಜೆ ಒಂದೇ ಆದರೆ ಮೇನೆ ತೂಗಾಡಿ ಒಳಗಿದ್ದವರಿಗೆ ತಲೆ ಸುತ್ತುತ್ತದೆಂದು ಅವರಿಗೆ ತಿಳಿದಿತ್ತು.

ಇವೆಲ್ಲಕ್ಕಿಂತ ಸರಳವೂ ನನ್ನ ಮಟ್ಟಿಗೆ ಅತ್ಯಂತ ಆಶ್ಚರ್ಯಕರವೂ ಆದುದು ಸಿಂಬಿ. ಕಟ್ಟಿಗೆಗೆ ಹೊರಟ ಹೆಣ್ಣುಮಗಳು ಹಳೆಯ ಸೀರೆಯ ತುಂಡನ್ನು ಉದ್ದಕ್ಕೆ ತಿರುಚಿ, ಎಡಗೈಯ ನಾಲ್ಕು ಬೆರಳುಗಳ ಸುತ್ತ ಎರಡು ಮೂರು ಸುತ್ತು ಸುತ್ತಿ, ತುದಿಯನ್ನು ಒಳಕ್ಕೆ ಸಿಕ್ಕಿಸಿ, ನೆತ್ತಿಯ ಮೇಲೆ ಇಡುತ್ತಾಳೆ. ಹೊರೆಯನ್ನು ಇನ್ನೊಬ್ಬರ ನೆರವಿನಿಂದ ಎತ್ತಿಸಿಕೊಂಡು, ಮೊದಲ ನಾಲ್ಕು ಹೆಜ್ಜೆ ಅದನ್ನು ಹಿಡಿದುಕೊಂಡು ಮೈ ಹೊಂದಿಸಿ, ಅನಂತರ ಎರಡೂ ಕೈಗಳನ್ನು ಇಳಿಬಿಟ್ಟು ನಡೆಯುತ್ತಾಳೆ. ಕುಂಕುಳಲ್ಲಿ ಮಗು, ಕೈಯಲ್ಲಿ ಕುಡುಗೋಲು, ತಲೆಯ ಮೇಲೆ ಹೊರೆ. ಕೀನ್ಯಾ ದೇಶದ ಲುವೊ ಮತ್ತು ಕಿಕುಯು ಸ್ತ್ರೀಯರನ್ನು ಪರೀಕ್ಷಿಸಿದ ಶರೀರವಿಜ್ಞಾನಿಗಳು, ಅವರು ತಮ್ಮ ದೇಹತೂಕದ ನೂರಕ್ಕೆ ಇಪ್ಪತ್ತರಷ್ಟು ಭಾರವನ್ನು, ಲುವೊ ಸ್ತ್ರೀಯರು ತಲೆಯ ಮೇಲೆಯೂ ಕಿಕುಯು ಸ್ತ್ರೀಯರು ಹಣೆಗೆ ಹಾಕಿದ ಪಟ್ಟಿಯಿಂದಲೂ, ಹೊತ್ತಾಗ ಹೆಚ್ಚಿನ ಆಮ್ಲಜನಕವನ್ನು ವ್ಯಯಿಸುವುದಿಲ್ಲವೆಂದು 1986ರಲ್ಲಿ ಪ್ರಕಟಿಸಿದಾಗ ವಿದ್ವತ್ಪ್ರಪಂಚವು ಬೆರಗಾಯಿತು. ಮೊಳಕೇರಾದ ದಾರಿಯಲ್ಲಿ ಬೆರಗಾಗುವವರು ಯಾರೂ ಇರಲಾರರು.

ಇಂತಹ ನಾಡಿಗೆ ಛಾಯಾಚಿತ್ರಕಲೆಯು ಬಂದಾಗ ಅದರ ಹೊರೆ ಎಷ್ಟಿತ್ತೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರನು ಪ್ರಕಟಿಸಿದ ಒದ್ದೆಫಲಕದ ವಿಧಾನವು ಮುಂದಿನ ಮೂವತ್ತು ವರ್ಷಗಳ ಕಾಲ ಆಳಿತು. ಗಾಜಿನ ಫಲಕದ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸುರಿದು, ನಾಲ್ಕು ಮೂಲೆಗಳಿಗೂ ಸಮನಾಗಿ ಹರಿಯುವಂತೆ ಫಲಕವನ್ನು ಓಲಾಡಿಸಿ, ಮಿಕ್ಕದ್ದನ್ನು ಸೀಸೆಗೆ ಮರಳಿ ಬಸಿದು, ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಕ್ಯಾಮರಾದೊಳಗಿಟ್ಟು ಚಿತ್ರ ತೆಗೆದು, ಒಣಗುವುದಕ್ಕೆ ಮುಂಚೆ ಮತ್ತೆ ಕತ್ತಲೆಗೆ ಒಯ್ದು ಬಿಂಬವನ್ನು ಮೂಡಿಸಬೇಕಾಗಿತ್ತು. ಇದಿಷ್ಟಕ್ಕೂ ದೊರೆಯುತ್ತಿದ್ದ ಅವಧಿ ಹತ್ತು ಹದಿನೈದು ನಿಮಿಷ. ಬೇಸಿಗೆಯಲ್ಲಿ ನಾಲ್ವತ್ತು ಡಿಗ್ರಿಯನ್ನು ದಾಟುವ ಬೀದರ ಸೀಮೆಯ ಒಣಗಾಳಿಯಲ್ಲಿ, ದ್ರವದೊಳಗಿನ ಈಥರು ಬೇಗನೆ ಆರಿಹೋಗುವುದರಿಂದ, ಅದಕ್ಕಿಂತಲೂ ಕಡಿಮೆ. ಆದ್ದರಿಂದ ಕ್ಯಾಮರಾ ಎಲ್ಲಿಗೆ ಹೋಗುತ್ತಿತ್ತೋ ಕತ್ತಲೆಯ ಡೇರೆಯೂ ಅಲ್ಲಿಗೆ ಹೋಗಲೇಬೇಕು: ಡೇರೆ, ಅದರ ಗಳುಗಳು, ತೊಟ್ಟಿಗಳು, ರಾಸಾಯನಿಕದ ಸೀಸೆಗಳು, ತೊಳೆಯುವ ನೀರು, ಮುಕ್ಕಾಲಿ, ಹಿತ್ತಾಳೆಯ ಮೂಲೆಕಟ್ಟುಗಳುಳ್ಳ ಮರದ ಪೆಟ್ಟಿಗೆ. ಹತ್ತು ಹನ್ನೆರಡು ಅಂಗುಲದ, ಎರಡು ಮಿಲಿಮೀಟರು ದಪ್ಪದ ಗಾಜು ಒಂದಕ್ಕೆ ನಾನೂರು ಗ್ರಾಮಿಗೆ ತುಸು ಕಡಿಮೆ ತೂಗುತ್ತದೆ. ಒಂದು ಡಜನ್ ಗಾಜಿಗೇ ನಾಲ್ಕೂವರೆ ಕಿಲೋ ಆಯಿತು. ಸ್ಯಾಮ್ಯುಯಲ್ ಬೋರ್ನನು 1863ರಿಂದ 1866ರವರೆಗೆ ಹಿಮಾಲಯದಲ್ಲಿ ಮಾಡಿದ ಯಾತ್ರೆಗಳಲ್ಲಿ ಅವನ ಹಿಂದೆ ಹತ್ತಾರು ಮಂದಿ ಹೊರೆಯಾಳುಗಳು ನಡೆದರೆಂಬುದು ಈ ಹಿನ್ನೆಲೆಯಲ್ಲಿ ಅತಿಶಯೋಕ್ತಿಯಾಗಿ ಕಾಣುವುದಿಲ್ಲ.

ಕನ್ನಡ ನಾಡಿನ ಶಿಲ್ಪಗಳನ್ನು ಮೊದಲಿಗೆ ಹೀಗೆ ಹಿಡಿದವರು ಬಹುಮಟ್ಟಿಗೆ ಸೈನ್ಯದ ಅಧಿಕಾರಿಗಳು ಮತ್ತು ಸರಕಾರದ ನೌಕರರು. ಬಿಗ್ಸ್, ಪಿಗೂ, ನೀಲ್ ಇವರ ಚಿತ್ರಗಳು ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ 1866ರ ಬೃಹದ್ಗ್ರಂಥದಲ್ಲಿ ಅಚ್ಚಾದವು. ಅದರ ಲೇಖನಭಾಗಕ್ಕೆ ಕೈಹಚ್ಚಿದ ಮೆಡೋಸ್ ಟೇಲರನು ಅದಕ್ಕೆ ಕೆಲವು ವರ್ಷಗಳ ಹಿಂದೆ, ಹುಮನಾಬಾದಿಗೆ ಪಶ್ಚಿಮದಲ್ಲಿರುವ ನಳದುರ್ಗದಲ್ಲಿ ಅಧಿಕಾರಿಯಾಗಿದ್ದು, ಈ ಸೀಮೆಯ ದಾರಿಗಳನ್ನು ಚೆನ್ನಾಗಿ ಬಲ್ಲವನಾಗಿದ್ದನು. ಜೇಮ್ಸ್ ಬರ್ಜೆಸ್ಸನು 1875–76ರಲ್ಲಿ ನಡೆಸಿದ ಪುರಾತತ್ತ್ವ ಸರ್ವೇಕ್ಷಣವು ನಿಜಾಮರ ಬೀದರ ಮತ್ತು ಔರಂಗಾಬಾದ ಜಿಲ್ಲೆಗಳಿಗೇ ಸಂಬಂಧಿಸಿದುದು. ಅದರ ವರದಿ 1878ರಲ್ಲಿ ಹೊರಬಂದಿತು. ರೈಲು ಆಗ ಗುಲಬರ್ಗಕ್ಕೆ, ಅಂದರೆ ಇಂದಿನ ಕಲಬುರಗಿಗೆ, ಬಂದಿತ್ತು. ಅಲ್ಲಿಂದಾಚೆಗೆ ಎತ್ತಿನ ಬಂಡಿ, ಬಂಡಿ ಹೋಗದೆಡೆಯಲ್ಲಿ ಆಳಿನ ತಲೆ. ಹುಮನಾಬಾದಿನ ಮೂಲಕ ಬೀದರನ್ನೂ ಕಲಬುರಗಿಯನ್ನೂ ಕೂಡಿಸುವ ರೈಲುಮಾರ್ಗವು ಪೂರ್ಣವಾಗಿ ತೆರೆದದ್ದು 2017ರ ಅಕ್ಟೋಬರಿನಲ್ಲಿ ಎಂಬುದನ್ನು ನೆನೆದರೆ, ಎಷ್ಟು ದೀರ್ಘಕಾಲ ಈ ಭೂಮಿಯಲ್ಲಿ ಸಾಮಾನೆಂಬುದು ಜೀವಿಗಳ ಮೈಮೇಲೆಯೇ ಸಾಗಿತೆಂಬುದು ಮನಸ್ಸಿಗೆ ಬರುತ್ತದೆ.

ಹೊತ್ತವರು ಆ ಪೆಟ್ಟಿಗೆಗಳನ್ನು ಹೇಗೆ ಹೊತ್ತಿರಬೇಕೆಂಬುದನ್ನು ತರ್ಕಿಸುವುದು ಅಸಾಧ್ಯವಲ್ಲ. ಕಾವಡಿ ತೂಗುತ್ತದೆ; ತೂಗುವ ಹೊರೆಯಲ್ಲಿ ಗಾಜು ನಿಲ್ಲುವುದಿಲ್ಲ. ಬಂಡಿಯು ಕೆಂಪು ಜಂಬಿಟ್ಟಿಗೆಯ ಏರಿನಲ್ಲಿ ಕುಲುಕುತ್ತದೆ, ಎರೆಯ ಹೊಲದಲ್ಲಿ ಹೂತುಹೋಗುತ್ತದೆ. ಸಿಂಬಿಯ ಮೇಲೆ ಕುಳಿತ ಪೆಟ್ಟಿಗೆಯೊಂದೇ ನಡಿಗೆಯ ಏರಿಳಿತವನ್ನು ಬೆನ್ನೆಲುಬಿನಲ್ಲಿಯೇ ನುಂಗಿಸಿ, ಸೀಸೆಯೊಳಗಿನ ದ್ರವವನ್ನು ಕದಡದೆ ಸಾಗಬಲ್ಲುದು. ನಮ್ಮ ದೇವಾಲಯಗಳ ಆ ಕಾಲದ ಚಿತ್ರಗಳಲ್ಲಿ ಕಂಬದ ಪಕ್ಕದಲ್ಲಿ ಅಳತೆಗೆಂದು ನಿಲ್ಲಿಸಿದ ಒಬ್ಬ ಮನುಷ್ಯನು ಅನೇಕ ವೇಳೆ ಕಾಣಸಿಗುತ್ತಾನೆ: ಮೊಳಕಾಲಿನವರೆಗಿನ ಧೋತರ, ತಲೆಗೆ ಬಿಗಿದ ರುಮಾಲು, ಸೊಂಟದಲ್ಲಿ ಕೈ. ಕಂಬದ ಎತ್ತರವನ್ನು ತಿಳಿಸುವುದಕ್ಕಾಗಿ ಅವನು ಅಲ್ಲಿದ್ದಾನೆ. ಆ ಗಾಜನ್ನು ಒಡೆಯದಂತೆ ಅಲ್ಲಿಗೆ ಮುಟ್ಟಿಸಿದವರಲ್ಲಿ ಅವನೂ ಒಬ್ಬನಾಗಿರಬಹುದೆಂದು ಆ ಚಿತ್ರಗಳನ್ನು ನೋಡುವಾಗಲೆಲ್ಲ ನನಗೆ ಅನ್ನಿಸುತ್ತದೆ.

ಒಣಫಲಕವು 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸನ ಪ್ರಯೋಗದಿಂದ ಆರಂಭವಾಗಿ, 1880ರ ದಶಕದಲ್ಲಿ ಎಲ್ಲೆಡೆ ಹಬ್ಬಿದಾಗ ಕತ್ತಲೆಯ ಡೇರೆಯು ಹೊರೆಯಿಂದ ಇಳಿಯಿತು. ಹೈದರಾಬಾದು ಸಂಸ್ಥಾನದಲ್ಲಿ ಆ ಯುಗದ ಪ್ರತಿನಿಧಿ ಲಾಲಾ ದೀನದಯಾಳರು. 1844ರಲ್ಲಿ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಆರನೆಯ ನಿಜಾಮರಾದ ಮಹಬೂಬ್ ಅಲೀ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿ, ರಾಜಾ ಎಂಬ ಬಿರುದನ್ನು ಪಡೆದ ಇವರು ಸಂಸ್ಥಾನದ ಕೋಟೆ ಅರಮನೆಗಳನ್ನು ದೊಡ್ಡ ಗಾಜಿನ ಫಲಕಗಳ ಮೇಲೆಯೇ ಹಿಡಿದರು. ಕಲ್ಯಾಣವೂ ಹುಮನಾಬಾದೂ ಆಗ ಅದೇ ಸಂಸ್ಥಾನದ ಊರುಗಳು. 1914ರಲ್ಲಿ ಹೈದರಾಬಾದಿನ ಪುರಾತತ್ತ್ವ ಇಲಾಖೆಯು ಸ್ಥಾಪನೆಯಾಗಿ ಗುಲಾಂ ಯಜ್ದಾನಿಯವರು ಅದರ ನಿರ್ದೇಶಕರಾದ ಮೇಲೆ ಬೀದರಿನ ಸ್ಮಾರಕಗಳಿಗೆ ಶಾಸ್ತ್ರೀಯವಾದ ಚಿತ್ರಣ ದೊರಕಿತು. ಅವರ ಬೀದರಿನ ಗ್ರಂಥವು 1947ರಲ್ಲಿ ಅಚ್ಚಾಯಿತು. ಕ್ಯಾಮರಾ ಹಗುರಾಗುತ್ತ ಬಂದರೂ ಅದನ್ನು ಹೊರುವವನು ಇನ್ನೂ ಬೇರೆಯವನೇ ಆಗಿದ್ದನು.

ಹೊರೆಯು ಛಾಯಾಗ್ರಾಹಕನ ಸ್ವಂತ ಮೈಗೆ ವರ್ಗವಾದದ್ದು ಒಬ್ಬ ಚಾರಣಿಗನ ದೆಸೆಯಿಂದ. ಜರ್ಮನಿಯ ಆಸ್ಕರ್ ಬಾರ್ನಾಕನಿಗೆ ಉಬ್ಬಸದ ವ್ಯಾಧಿಯಿತ್ತು. ಕಾಡುಬೆಟ್ಟಗಳಲ್ಲಿ ನಡೆಯುವ ಹುಚ್ಚೂ ಇತ್ತು. ಫಲಕದ ಕ್ಯಾಮರಾ ಮುಕ್ಕಾಲಿಗಳನ್ನು ಹೊತ್ತು ಏರುವುದು ಅವನ ಪುಪ್ಪುಸಕ್ಕೆ ಆಗದ ಕೆಲಸವಾಗಿತ್ತು. ಚಲಚ್ಚಿತ್ರದ ಫಿಲ್ಮನ್ನು ಬಳಸುವ ಅಂಗೈಯಗಲದ ಯಂತ್ರವನ್ನು ಅವನು ರೂಪಿಸಿದನು. ಲೈಕಾ ಎಂಬ ಹೆಸರಿನಿಂದ 1925ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಅರ್ಧ ಕಿಲೋಗಿಂತ ಕಡಿಮೆಯ ಆ ಯಂತ್ರಕ್ಕೆ ಕೊರಳಪಟ್ಟಿಯು ಸಾಕಾಗಿತ್ತು, ನಿಜವಾಗಿಯೂ ಸಾಕಾಗಿತ್ತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಕ್ಯಾಮರಾವನ್ನು ಜಾತ್ರೆಗೆ ಒಯ್ದ ನಮ್ಮ ಹಿರಿಯರು ಕೊರಳು ನೋವೆಂದು ದೂರಿದ್ದನ್ನು ನಾನು ಕೇಳಿಲ್ಲ. ಕೇಡು ಬಂದದ್ದು ಆಮೇಲೆ. ಒಳಗೆ ಕನ್ನಡಿಯುಳ್ಳ, ಮಸೂರ ಬದಲಿಸಬಲ್ಲ ಭಾರಿ ಯಂತ್ರಗಳು 1959ರ ನಿಕಾನ್ ಎಫ್ ಮೊದಲುಗೊಂಡು ವ್ಯಾಪಕವಾದ ಬಳಕೆಗೆ ಬಂದವು. ದೂರದ ಪಕ್ಷಿಯನ್ನು ಹತ್ತಿರ ತರುವ ಮಸೂರಗಳು ಯಂತ್ರಕ್ಕಿಂತ ಭಾರವಾದವು. ತೂಕ ನಾಲ್ಕೈದು ಮಡಿಯಾಯಿತು. ಪಟ್ಟಿಯು ಮಾತ್ರ ಲೈಕಾದ ಕಾಲದ ಕೊರಳಪಟ್ಟಿಯಾಗಿಯೇ ಉಳಿಯಿತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರ ವನ್ಯಜೀವಿ ಚಿತ್ರಗಳನ್ನು ನೋಡುವವರು ಅವುಗಳ ಹಿಂದಿನ ತಾಳ್ಮೆಯನ್ನು ಕೊಂಡಾಡುತ್ತಾರೆ. ಅವುಗಳ ಹಿಂದಿನ ಹೆಗಲನ್ನೂ ನೆನೆಯಬೇಕು.

ಕೊರಳಪಟ್ಟಿಯ ದೋಷವು ಸರಳವಾದ ಯಂತ್ರಶಾಸ್ತ್ರಕ್ಕೆ ಸೇರಿದುದು. ಭಾರವು ಬೆನ್ನೆಲುಬಿನ ರೇಖೆಯಿಂದ ಮುಂದಕ್ಕೆ ಸರಿದಷ್ಟೂ ಅದನ್ನು ಎಳೆದು ಹಿಡಿಯಲು ಕತ್ತಿನ ಹಿಂದಿನ ಸ್ನಾಯುಗಳು ಹೆಚ್ಚು ದುಡಿಯಬೇಕು. ಭಾರವು ಸ್ವತಂತ್ರವಾಗಿ ತೂಗಾಡಿದರೆ ಪ್ರತಿ ಹೆಜ್ಜೆಯಲ್ಲೂ ಆ ದುಡಿಮೆ ಹೊಸದಾಗಿ ಆರಂಭವಾಗುತ್ತದೆ. ಸಿಂಬಿಯು ಭಾರವನ್ನು ರೇಖೆಯ ಮೇಲೆಯೇ ಇರಿಸಿತು; ಹಸಿಬೆಯು ಮುಂದಿನದನ್ನು ಹಿಂದಿನದರಿಂದ ಸರಿದೂಗಿಸಿತು; ಜೋಳಿಗೆಯು ಕೊರಳನ್ನು ಬಿಟ್ಟು ಹೆಗಲಿನಿಂದ ಅಡ್ಡಲಾಗಿ ಇಳಿಯಿತು; ಸೊಂಟಕ್ಕೆ ಬಿಗಿಯುವ ನಡುಕಟ್ಟು ಭಾರವನ್ನು ಸೊಂಟದ ಎಲುಬಿಗೆ ಒಪ್ಪಿಸಿತು. ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿಯು 1952ರಲ್ಲಿ ಮಾರಲಾರಂಭಿಸಿದ ಬೆನ್ನುಚೀಲಗಳಲ್ಲಿ ಸೊಂಟಪಟ್ಟಿಯು ಪ್ರಮುಖವಾಗಿ ಬಂದು, ಪಾಶ್ಚಾತ್ಯ ಚಾರಣಿಗರು ಹೊರೆಯನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವುದನ್ನು ಕಲಿತರು. ಇಂದು ಅಂಗಡಿಗಳಲ್ಲಿ ದೊರೆಯುವ ಎದೆಕಟ್ಟುಗಳು, ಅಡ್ಡಹೆಗಲಿನ ಪಟ್ಟಿಗಳು, ಬೆನ್ನುಚೀಲದ ಪಟ್ಟಿಗೆ ಕಚ್ಚಿಕೊಂಡು ಕ್ಯಾಮರಾವನ್ನು ಎದೆಯ ಪಕ್ಕದಲ್ಲಿ ಹಿಡಿದಿಡುವ ಲೋಹದ ಕೊಕ್ಕೆಗಳು ಇವೆಲ್ಲವೂ ಉತ್ತಮವಾದ ಸಾಧನಗಳೇ. ಬೆಲೆ ತೆರಬಲ್ಲವರು ಕೊಳ್ಳಲಿ. ಕೊಕ್ಕೆಯನ್ನು ಕೊಳ್ಳುವವರು ಚೀಲದ ಸೊಂಟಪಟ್ಟಿಯನ್ನು ಮೊದಲು ಬಿಗಿದು ಆಮೇಲೆ ಹೆಗಲ ಪಟ್ಟಿಯನ್ನು ಎಳೆದುಕೊಳ್ಳಬೇಕು. ಕ್ರಮ ತಪ್ಪಿದರೆ ಯಂತ್ರದ ಭಾರವೆಲ್ಲ ಒಂದೇ ಹೆಗಲಿಗೆ ಬೀಳುತ್ತದೆ.

ನಾನು ನನ್ನ ಪಟ್ಟಿಯನ್ನು ಹುಮನಾಬಾದಿನ ಪೇಟೆಯಲ್ಲಿ ಹೊಲಿಸಿದೆನು. ರಸ್ತೆಯ ಬದಿಯಲ್ಲಿ ಗೋಣಿತಟ್ಟು ಹಾಸಿ ಕುಳಿತ ವೃದ್ಧರೊಬ್ಬರಿಗೆ ಕ್ಯಾಮರಾವನ್ನು ತೋರಿಸಿ, “ಕಾಕಾ, ಈ ಕೊಳ್ಳಾಗಿನ ಬಾರು ಅಗಲ ಮಾಡಿಕೊಡ್ತೀರೇನ್ರಿ?” ಎಂದು ಕೇಳಿದಾಗ ಅವರು ಅದನ್ನು ಕೈಯಲ್ಲಿ ತೂಗಿ ನ್ಯಾಯ ಹೇಳುವವರಂತೆ ತಲೆಯಾಡಿಸಿದರು. “ಅಗಲ ಮಾಡಿದ್ರ ಏನ್ ಆಗ್ತದ್ರಿ ಸರ, ಕೊಳ್ಳು ಅಷ್ಟೇ ಇರ್ತದ. ಹೆಗಲಿಂದ ಎದಿ ಮ್ಯಾಲ ಹಾಯ್ಸಿ, ನಡಾಕ ಬಿಗೀರಿ. ತೂಗಾಡಗೊಡಬ್ಯಾಡ್ರಿ.” ಕೈಗೆ ಸಿಕ್ಕ ದಾರದಿಂದ ನನ್ನ ಬಲಹೆಗಲಿನಿಂದ ಎಡಸೊಂಟದವರೆಗೆ ಅಳತೆ ತೆಗೆದರು, ನಡೆದು ತೋರಿಸಿ ಎಂದರು, ಬಾಗಿ ತೋರಿಸಿ ಎಂದರು, ಬಾಗಿದಾಗ ಯಂತ್ರವು ಎಲ್ಲಿ ಜೋಲುತ್ತದೆಂದು ನೋಡಿ ಅಲ್ಲಿಗೊಂದು ಅಡ್ಡಬಾರನ್ನು ಗುರುತಿಸಿದರು. ಚರ್ಮದ ಎರಡು ಪದರಗಳ ನಡುವೆ ಹಳೆಯ ಕಂಬಳಿಯ ತುಂಡನ್ನಿಟ್ಟು, ಉಳಿಯಿಂದ ತೂತು ಹಾಕಿ, ಮೇಣ ಹಚ್ಚಿದ ದಾರವನ್ನು ಎರಡು ಕಡೆಯಿಂದಲೂ ಎಳೆದು ಬಿಗಿಯುವ ಹೊಲಿಗೆ ಅವರದು. ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರುತ್ತದೆ.

ಆ ಬಾರನ್ನು ಕಟ್ಟಿಕೊಂಡು ನಾನು ಜಲಸಂಗಿಗೆ ನಡೆದಿದ್ದೇನೆ. ಗುಡಿಯ ಹೊರಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನ ಹೆಸರುಳ್ಳ ಶಾಸನವನ್ನು ಬರೆಯುತ್ತಿರುವ ಪ್ರಸಿದ್ಧಳಾದ ಶಿಲಾಬಾಲಿಕೆಯ ಮುಂದೆ ನಿಂತು, ಯಂತ್ರವನ್ನು ಎದೆಯಿಂದ ಕಣ್ಣಿಗೆ ಎತ್ತಿ, ಮರಳಿ ಇಳಿಸಿ, ಎರಡೂ ಕೈಗಳನ್ನು ಗೋಡೆಗೆ ಊರಿ ಅಕ್ಷರಗಳ ಅಂಚನ್ನು ಹತ್ತಿರದಿಂದ ನೋಡುವ ಸ್ವಾತಂತ್ರ್ಯವು ಕೊರಳಪಟ್ಟಿಯ ದಿನಗಳಲ್ಲಿ ನನಗೆ ಇರಲಿಲ್ಲ. ಬೆವರಿನಿಂದ ಚರ್ಮವು ಬಿರುಸಾಗದಂತೆ ವರ್ಷಕ್ಕೊಮ್ಮೆ, ರೋಹಿಣಿ ಮಳೆಗೆ ಮುಂಚೆ, ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ಒಳಮೈಗೆ ಸವರಿ ನೆರಳಿನಲ್ಲಿ ಆರಿಸಬೇಕೆಂದೂ, ಬಿಸಿಲಿಗೆ ಮಾತ್ರ ಹಾಕಕೂಡದೆಂದೂ ಕಾಕಾ ಅವರು ಕಟ್ಟಪ್ಪಣೆ ಮಾಡಿದ್ದಾರೆ. ಹೊಲಿಗೆ ಸಡಿಲವಾದರೆ ಬೇರೆಯವರಲ್ಲಿ ಕೊಡದೆ ತಮ್ಮಲ್ಲಿಗೇ ತರಬೇಕೆಂದೂ ಹೇಳಿದ್ದಾರೆ.